ಗಗನಗಾಮಿನಿ ಎಮಿ ಜಾನ್ಸನ್

ಧೈರ್ಯವೆಂಬುದು ಕೆಲವರಿಗೆ ಹುಟ್ಟಿನಿಂದಲೇ ಒದಗುವ ಸ್ವತ್ತು, ಉಳಿದವರು ಅದನ್ನು ದೂರದಿಂದ ನೋಡಿ ಮೆಚ್ಚತಕ್ಕದ್ದು ಎಂದು ಲೋಕದಲ್ಲಿ ಒಂದು ಎಣಿಕೆಯುಂಟು. ಸಾಹಸಿಗಳ ಚರಿತ್ರೆಗಳನ್ನು ಬರೆಯುವವರೂ ಬಹುಮಟ್ಟಿಗೆ ಈ ಎಣಿಕೆಗೇ ನೀರೆರೆಯುತ್ತಾರೆ. ತಾವು ವರ್ಣಿಸುವವರಿಗೆ ಭಯವೆಂಬುದೇ ತಿಳಿಯದೆಂದು ಬರೆಯುತ್ತಾರೆ. 1930ರಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಬ್ಬಳೇ ವಿಮಾನವನ್ನು ನಡೆಸಿಕೊಂಡು ಹೋದ ಮೊದಲನೆಯ ಸ್ತ್ರೀಯಾದ ಎಮಿ ಜಾನ್ಸನ್ನಳ ವಿಷಯದಲ್ಲಿಯೂ ಹೀಗೆ ಬರೆದವರಿಗೆ ಕಡಮೆಯಿಲ್ಲ. ನಾವಾದರೋ ಆಕೆಯ ಜೀವಿತವನ್ನು ಪರಿಶೀಲಿಸಿದಷ್ಟೂ, ಆಕೆಯು ಅನೇಕ ಸಲ ಚೆನ್ನಾಗಿಯೇ ಹೆದರಿದವಳೆಂದೂ, ಆ ಹೆದರಿಕೆಗೆ ಆಕೆಯು ಕಂಡುಕೊಂಡ ಮದ್ದು ಬಹು ಸಾಮಾನ್ಯವಾದದ್ದೆಂದೂ ತಿಳಿದುಕೊಂಡೆವು. ಆ ಮದ್ದು ಯಾವುದೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ, ಈಗಿನ ಮಕ್ಕಳ ತಾಯಿತಂದೆಗಳಿಗೂ ಅರುಹಬೇಕೆಂಬ ಆಶೆಯಿಂದ ಈ ಚರಿತ್ರೆಯನ್ನು ಬರೆಯಲುದ್ಯುಕ್ತರಾಗಿದ್ದೇವೆ.

ಎಮಿಯು 1903ನೆಯ ಇಸವಿ ಜುಲೈ 1ನೆಯ ತಾರೀಖಿನಲ್ಲಿ ಇಂಗ್ಲೆಂಡಿನ ಪೂರ್ವತೀರದ ಹಲ್ ಎಂಬ ರೇವುಪಟ್ಟಣದಲ್ಲಿ ಜನಿಸಿದಳು. ಆಕೆಯ ತಂದೆಯು ಮೀನಿನ ವ್ಯಾಪಾರಿ. ಮನೆಯಲ್ಲಿ ನಾಲ್ವರು ಹೆಣ್ಣುಮಕ್ಕಳು. ಅವರಲ್ಲಿ ಎಮಿಯೇ ಹಿರಿಯಳು. ಶಾಲೆಯಲ್ಲಿದ್ದಾಗ ಕ್ರಿಕೆಟ್ ಚೆಂಡು ಬಾಯಿಗೆ ಬಡಿದು ಆಕೆಯ ಮುಂದಿನ ಹಲ್ಲುಗಳು ಮುರಿದುಹೋದವು. ಆ ವಯಸ್ಸಿನ ಹುಡುಗಿಗೆ ಇದು ಎಂಥ ಸಂಕಟವೆಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಮುಂದೆ ಆಕೆಯು ಷೆಫೀಲ್ಡ್ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರವನ್ನೋದಿ ಪದವೀಧರೆಯಾದಳು. ಬಳಿಕ ಟೈಪು ಮಾಡುವುದನ್ನು ಕಲಿತು, ಒಂದೆರಡು ಕಡೆ ಕೆಲಸ ಮಾಡಿ, ಕಡೆಗೆ ಲಂಡನ್ನಿಗೆ ಬಂದು ವಕೀಲರೊಬ್ಬರ ಕಛೇರಿಯಲ್ಲಿ ಸೇರಿದಳು. ಅಲ್ಲಿಯವರೆಗಿನ ಆಕೆಯ ಬಾಳಿನಲ್ಲಿ ಪತ್ರಿಕೆಗಳವರು ಒಂದು ಸಾಲು ಬರೆಯಬಹುದಾದ ಸಂಗತಿಯೂ ಇರಲಿಲ್ಲ.

ಆಕೆಯು ಮೊಟ್ಟಮೊದಲು ವಿಮಾನವನ್ನೇರಿದ್ದು 1926ರಲ್ಲಿ, ತನ್ನ ಊರಿನಲ್ಲಿಯೇ. ಆ ಕಾಲದಲ್ಲಿ ಊರಿಂದೂರಿಗೆ ವಿಮಾನವನ್ನು ತಂದು, ಐದು ಷಿಲ್ಲಿಂಗು ಕೊಟ್ಟವರನ್ನು ಕೆಲವು ನಿಮಿಷಗಳ ಕಾಲ ಮೇಲೆ ಸುತ್ತಿಸಿ ಇಳಿಸುವವರಿದ್ದರು. ಎಮಿಯು ತಂಗಿಯೊಡನೆ ಹೀಗೊಮ್ಮೆ ಹಾರಿಬಂದಳು. ವಿಚಿತ್ರವೇನೆಂದರೆ, ಆ ಹಾರಾಟವು ಆಕೆಯ ಮನಸ್ಸಿಗೆ ಹೇಳಿಕೊಳ್ಳುವಂಥ ಸಂತೋಷವನ್ನೇನೂ ಕೊಡಲಿಲ್ಲ. ಆಕಾಶವು ಆಕೆಯನ್ನು ಕೂಗಿ ಕರೆಯಿತೆಂಬ ಮಾತು ಕವಿಗಳದಷ್ಟೆ.

1928ರಲ್ಲಿ ಆಕೆಯು ಲಂಡನ್ನಿನ ಸ್ಟಾಗ್ ಲೇನ್ ಎಂಬ ವಿಮಾನಬಯಲಿನಲ್ಲಿದ್ದ ಸಂಘವೊಂದಕ್ಕೆ ಸೇರಿ ಪಾಠಕ್ಕೆ ತೊಡಗಿದಳು. ಈ ಸಂಘದಲ್ಲಿ ಸಾಧಾರಣ ಜನರೂ ಕೈಗೆಟಕುವ ಶುಲ್ಕದಿಂದ ಕಲಿಯಬಹುದಾಗಿತ್ತು. ಆಕೆಯು ಚುರುಕಿನ ಶಿಷ್ಯೆಯಾಗಿರಲಿಲ್ಲ. ಉಳಿದವರು ಸುಮಾರು ಹತ್ತು ಗಂಟೆಗಳ ಪಾಠವಾಗುತ್ತಲೇ ಗುರುವಿಲ್ಲದೆ ಒಬ್ಬರೇ ಹಾರುತ್ತಿದ್ದರೆ, ಎಮಿಗೆ ಹದಿನಾರು ಗಂಟೆಗಳಿಗೆ ಹತ್ತಿರ ಹಿಡಿಯಿತು. 1929ರ ಜೂನ್ ತಿಂಗಳಲ್ಲಿ ಆಕೆಯು ಒಂಟಿಯಾಗಿ ಹಾರಿದಳು. ಜುಲೈಯಲ್ಲಿ ಚಾಲಕರ ರಹದಾರಿಯು ಕೈಗೆ ಬಂದಿತು. ವಿಮಾನವನ್ನು ನೆಲಕ್ಕಿಳಿಸುವ ವಿದ್ಯೆಯಂತೂ ಆಕೆಗೆ ಸುಲಭವಾಗಿ ಒಲಿಯಲೇ ಇಲ್ಲ. ಮುಂದಣ ಕಥೆಯಲ್ಲಿ ಓದುಗರು ಇದನ್ನು ಪದೇ ಪದೇ ಕಾಣುವರು. ಆಕೆಯನ್ನು ಹೊಗಳುವ ಭರದಲ್ಲಿ ಇದನ್ನು ಮುಚ್ಚಿಡುವುದು ನಮಗೆ ಸರಿಯೆಂದು ತೋರುವುದಿಲ್ಲ. ಮುಚ್ಚಿಟ್ಟರೆ ಆಕೆಯ ನಿಜವಾದ ಹಿರಿಮೆಯೇ ಮುಚ್ಚಿಹೋಗುವುದು.

ಆ ಹಿರಿಮೆಯು ಆಕಾಶದಲ್ಲಿ ತೋರಿದ್ದಕ್ಕಿಂತ ಮೊದಲು ವಿಮಾನಗಳ ಷೆಡ್ಡಿನಲ್ಲಿ ತೋರಿತು. ಹಾರುತ್ತಿರುವಾಗ ಯಂತ್ರವು ಕೆಮ್ಮಿದರೆ, ಸದ್ದು ಬದಲಾದರೆ, ಅದೇಕೆಂದು ತಿಳಿಯದವನ ಎದೆಯು ನಡುಗುವುದು. ತಿಳಿದವನು ಹೆದರಿದರೂ ಅವನ ಕೈಗೆ ಒಂದು ಕೆಲಸವಿರುವುದು. ಎಮಿಯು ಈ ಭೇದವನ್ನು ಬೇಗನೆ ಅರಿತುಕೊಂಡಳು. ಬೆಳಗ್ಗೆ ಕಛೇರಿಗೆ ಹೋಗುವುದಕ್ಕೆ ಮುಂಚೆಯೂ, ಸಂಜೆ ಕಛೇರಿಯು ಮುಗಿದ ಮೇಲೂ, ಆಕೆಯು ಆ ಷೆಡ್ಡಿಗೆ ಬಂದು ಎಣ್ಣೆಮಸಿ ಹತ್ತಿದ ಉಡುಪನ್ನು ತೊಟ್ಟು, ಯಂತ್ರಗಳನ್ನು ಬಿಚ್ಚುವ, ಒರೆಸುವ, ಮರಳಿ ಜೋಡಿಸುವ ಕೆಲಸಕ್ಕೆ ನಿಂತಳು. ಹೆಂಗಸೊಬ್ಬಳು ಅಲ್ಲಿಗೆ ಬರುವುದು ಕೆಲಸಗಾರರಿಗೆ ಮೊದಲು ಹಿಡಿಸಲಿಲ್ಲ. ಅಲ್ಲಿನ ಮುಖ್ಯ ಮೇಸ್ತ್ರಿಯಾದ ಜ್ಯಾಕ್ ಹಂಫ್ರೀಸ್ ಎಂಬಾತನು ಮಾತ್ರ ಆಕೆಯ ಹಟವನ್ನು ಕಂಡು ಕಲಿಸಲೊಪ್ಪಿದನು. ಕ್ರಮೇಣ ಉಳಿದವರೂ ಆಕೆಯನ್ನು ತಮ್ಮಲ್ಲೊಬ್ಬಳಾಗಿ ಎಣಿಸಿ, ಗಂಡುಹೆಸರಿನಿಂದ ಜಾನಿಯೆಂದು ಕರೆಯತೊಡಗಿದರು. ಆ ವರ್ಷವು ಮುಗಿಯುವುದರೊಳಗೆ ಆಕೆಯು ವಿಮಾನಯಂತ್ರಗಳನ್ನು ಪರೀಕ್ಷಿಸುವ ಇಂಜಿನಿಯರರ ರಹದಾರಿಯನ್ನು ಪಡೆದಳು. ಬ್ರಿಟಿಷ್ ಸ್ತ್ರೀಯರಲ್ಲಿ ಅದನ್ನು ಪಡೆದವರಲ್ಲಿ ಈಕೆಯೇ ಮೊದಲಿಗಳು. ನಮ್ಮ ಅಭಿಪ್ರಾಯದಲ್ಲಿ ಆಸ್ಟ್ರೇಲಿಯಾದ ಯಾತ್ರೆಯು ಆರಂಭವಾದದ್ದು ಈ ಷೆಡ್ಡಿನಲ್ಲಿಯೇ.

ಅದೇ 1929ರಲ್ಲಿ ಜಾನ್ಸನ್ ಕುಟುಂಬಕ್ಕೆ ದೊಡ್ಡದೊಂದು ದುಃಖವು ಒದಗಿತು. ಎಮಿಯ ಬೆನ್ನಿಗೆ ಹುಟ್ಟಿದ ತಂಗಿ ಐರೀನಳು ತೀರಿಕೊಂಡಳು. ಒಬ್ಬ ಮಗಳನ್ನು ಮಣ್ಣಿಗೊಪ್ಪಿಸಿ ವರ್ಷವಾಗುವುದರೊಳಗೆ, ಹಿರಿಯ ಮಗಳು ಒಬ್ಬಳೇ ಹನ್ನೊಂದು ಸಾವಿರ ಮೈಲಿ ಹಾರಿಹೋಗುವೆನೆಂದು ಕೇಳಿದಾಗ ತಾಯಿತಂದೆಗಳ ಮನಸ್ಸು ಹೇಗಾಗಿರಬೇಕು? ಹೆಣ್ಣುಮಕ್ಕಳನ್ನು ಪರವೂರಿನ ಕಾಲೇಜಿಗೆ ಕಳುಹಿಸುವಾಗ ರೈಲ್ವೆ ನಿಲ್ದಾಣದಲ್ಲಿ ಕಣ್ಣೊರಸಿಕೊಂಡ ನಮ್ಮ ತಾಯಂದಿರು ಇದನ್ನು ಊಹಿಸಬಲ್ಲರು. ಜಾನ್ಸನ್ನರು ಬೇಡವೆನ್ನಲಿಲ್ಲ. ಅಷ್ಟೇ ಅಲ್ಲ, ವಿಮಾನವನ್ನು ಕೊಳ್ಳಲು ಬೇಕಾದ 600 ಪೌಂಡುಗಳಲ್ಲಿ ತಂದೆಯು ತನ್ನ ಪಾಲನ್ನು ತೆತ್ತನು. ಉಳಿದದ್ದನ್ನು ಎಣ್ಣೆಯ ವ್ಯಾಪಾರದಿಂದ ಶ್ರೀಮಂತರಾಗಿದ್ದ ಲಾರ್ಡ್ ವೇಕ್‌ಫೀಲ್ಡರು ಕೊಟ್ಟರು. ಈ ತಂದೆಯ ಹೆಸರು ಚರಿತ್ರೆಗಳಲ್ಲಿ ಒಂದು ಸಾಲಿಗಿಂತ ಹೆಚ್ಚಾಗಿ ಬರುವುದಿಲ್ಲ. ಧೈರ್ಯದ ಲೆಕ್ಕ ಬರೆಯುವಾಗ ಅರ್ಧ ಭಾಗವನ್ನಾದರೂ ಅವನ ಹೆಸರಿಗೆ ಹಾಕಬೇಕೆಂದು ನಾವು ಹೇಳುತ್ತೇವೆ.

ವಿಮಾನವು ಹೊಸದಲ್ಲ, ಬೇರೊಬ್ಬರು ಬಳಸಿ ಮಾರಿದ ಜಿಪ್ಸಿ ಮಾತ್ ಎಂಬ ಜಾತಿಯದು. ಮರದ ಚೌಕಟ್ಟಿನ ಮೇಲೆ ಬಟ್ಟೆಯನ್ನು ಬಿಗಿದು ಮಾಡಿದ ರೆಕ್ಕೆಗಳು. ತಲೆಯ ಮೇಲೆ ಸೂರಿಲ್ಲದ ಆಸನ. ಗಂಟೆಗೆ ಎಂಬತ್ತು ಎಂಬತ್ತೈದು ಮೈಲಿಗಳ ವೇಗ. ಹೊರಗಿನವರೊಡನೆ ಮಾತಾಡಲು ರೇಡಿಯೋ ಇರಲಿಲ್ಲ. ದೂರದ ಪಯಣಕ್ಕೆಂದು ಹೆಚ್ಚಿನ ಪೆಟ್ರೋಲ್ ತೊಟ್ಟಿಗಳನ್ನಿರಿಸಿದ್ದರಷ್ಟೆ. ಅವುಗಳಿಂದ ಮೇಲಣ ತೊಟ್ಟಿಗೆ ಪೆಟ್ರೋಲನ್ನು ಹಾರುತ್ತಿರುವಾಗಲೇ ಕೈಪಂಪಿನಿಂದ ಏರಿಸಬೇಕಾಗಿತ್ತು. ಅದರ ನಾತದಿಂದ ಆಕೆಗೆ ದಾರಿಯುದ್ದಕ್ಕೂ ಹೊಟ್ಟೆ ತೊಳಸುತ್ತಿದ್ದಿತು. ತಂದೆಯ ಮೀನಿನ ವ್ಯಾಪಾರದ ಮುದ್ರೆಯ ಹೆಸರನ್ನೇ ಆಕೆಯು ವಿಮಾನಕ್ಕಿಟ್ಟು ಜೇಸನ್ ಎಂದು ಕರೆದಳು. ಒಂದು ಬಿಡಿ ಪ್ರೊಪೆಲರನ್ನು ಪಕ್ಕಕ್ಕೆ ಕಟ್ಟಿಕೊಂಡಳು. ಅಲ್ಲಿಯವರೆಗೆ ಆಕೆಯು ಹಾರಿದ್ದ ಅತ್ಯಂತ ದೂರದ ದಾರಿಯೆಂದರೆ ಲಂಡನ್ನಿನಿಂದ ಹಲ್‌ವರೆಗೆ ಮಾತ್ರ. ಹಾರಾಟದ ಅನುಭವವು ಒಟ್ಟಿನಲ್ಲಿ ನೂರು ಗಂಟೆಗಳಷ್ಟೂ ಇರಲಿಲ್ಲ. 1930ನೆಯ ಇಸವಿ ಮೇ 5ನೆಯ ತಾರೀಖಿನ ಬೆಳಗ್ಗೆ ಆಕೆಯು ಕ್ರಾಯ್ಡನ್ ವಿಮಾನಬಯಲಿನಿಂದ ಹೊರಟಾಗ ಬೀಳ್ಕೊಡಲು ತಂದೆಯೂ, ಬೆರಳೆಣಿಕೆಯ ಸ್ನೇಹಿತರೂ ಇದ್ದರು. ಪತ್ರಿಕೆಗಳವರಿಗೆ ಆಕೆಯ ಮೇಲೆ ಹೆಚ್ಚಿನ ನಂಬಿಕೆಯಿರಲಿಲ್ಲ.

ಮೊದಲ ರಾತ್ರಿ ವಿಯೆನ್ನಾ, ಮರುರಾತ್ರಿ ಕಾನ್‌ಸ್ಟಾಂಟಿನೋಪಲ್. ಮೂರನೆಯ ದಿನ ಟಾರಸ್ ಪರ್ವತಗಳು ಅಡ್ಡ ಬಂದವು. ಹನ್ನೆರಡು ಸಾವಿರ ಅಡಿಗಳವರೆಗೆ ಏರಿ ನಿಂತ ಆ ಶಿಖರಗಳ ಮೇಲೆ ಹಾರಿಹೋಗುವ ಶಕ್ತಿಯು ಹೊರೆಹೊತ್ತ ಜೇಸನ್ನಿಗೆ ಇರಲಿಲ್ಲ. ಆದಕಾರಣ ಆಕೆಯು ರೈಲುದಾರಿಯನ್ನು ಗುರುತುಹಿಡಿದು, ಇಕ್ಕಟ್ಟಾದ ಕಣಿವೆಗಳೊಳಗೇ ಸಾಗಬೇಕಾಯಿತು. ನಡುವೆ ಮೋಡವು ಕವಿದು, ಎದುರಿಗಿರುವುದು ಬಯಲೋ ಬಂಡೆಯೋ ತಿಳಿಯದೆ ಹೋಯಿತು. ಪ್ರಾಣದಿಂದುಳಿದು ಆಕೆಯು ಅಲೆಪ್ಪೊ ಊರನ್ನು ಸೇರಿದಳು.

ಮರುದಿನ ಬಾಗ್ದಾದಿನ ದಾರಿಯಲ್ಲಿ ಇದಕ್ಕೂ ಮಿಗಿಲಾದ ಪರೀಕ್ಷೆಯು ಕಾದಿತ್ತು. ಮರುಭೂಮಿಯ ಮೇಲೆ ಮರಳಿನ ಬಿರುಗಾಳಿಯೆದ್ದು, ವಿಮಾನವನ್ನು ಸಾವಿರಾರು ಅಡಿಗಳಷ್ಟು ಕೆಳಕ್ಕೆ ನೂಕಿತು. ಕಣ್ಣುಕಾಣದ ಆ ಧೂಳಿನಲ್ಲಿ ಹೇಗೋ ಚಕ್ರಗಳು ನೆಲವನ್ನು ಮುಟ್ಟಿದವು. ಗಾಳಿಯು ವಿಮಾನವನ್ನು ಹೊತ್ತುಕೊಂಡು ಹೋಗದಿರಲೆಂದು ಆಕೆಯು ತನ್ನ ಪೆಟ್ಟಿಗೆಗಳನ್ನೆಳೆದು ಚಕ್ರಗಳಿಗೆ ಒತ್ತಿಟ್ಟಳು. ಮರಳು ಒಳಹೊಕ್ಕದಂತೆ ಯಂತ್ರಕ್ಕೆ ಬಟ್ಟೆ ಹೊದಿಸಿದಳು. ದೂರದಲ್ಲಿ ನಾಯಿಗಳು ಬೊಗಳುವುದು ಕೇಳಿಸಲಾಗಿ ಪಿಸ್ತೂಲನ್ನು ಕೈಯಲ್ಲಿ ಹಿಡಿದು ವಿಮಾನದ ಬಾಲದ ಮೇಲೆ ಕುಳಿತಳು. ಅಲ್ಲಿಯವರೆಗೆ ಜೀವಮಾನದಲ್ಲಿ ತಾನು ಅಷ್ಟು ಹೆದರಿದ್ದಿಲ್ಲವೆಂದು ಆಕೆಯೇ ಮುಂದೆ ಒಪ್ಪಿಕೊಂಡಳು. ನಮಗೆ ಈ ಸಂಗತಿಯಲ್ಲಿ ವಿಶೇಷವಾಗಿ ತೋರುವುದು ಪಿಸ್ತೂಲಲ್ಲ, ಆ ಹೊದಿಕೆ. ಗಡಗಡನೆ ನಡುಗುತ್ತಿದ್ದ ಆ ಕೈಗಳು ಷೆಡ್ಡಿನಲ್ಲಿ ಕಲಿತದ್ದನ್ನು ಒಂದಾದ ಮೇಲೊಂದರಂತೆ ಮಾಡಿಮುಗಿಸಿದವು. ಗಾಳಿಯು ಇಳಿದ ಬಳಿಕ ಆಕೆಯು ಮೇಲಕ್ಕೆದ್ದು ಬಾಗ್ದಾದಿಗೆ ಹೋದಳು.

ಮೇ 10ರಂದು ಆಕೆಯು ಕರಾಚಿಯನ್ನು ಮುಟ್ಟಿದಳು. ಲಂಡನ್ನಿನಿಂದ ಅಲ್ಲಿಗೆ ಆರು ದಿನ! 1928ರಲ್ಲಿ ಇದೇ ಯಾತ್ರೆಯನ್ನು ಒಬ್ಬನೇ ಮಾಡಿದ್ದ ಬರ್ಟ್ ಹಿಂಕ್ಲರನಿಗಿಂತ ಆಕೆಯು ಎರಡು ದಿನ ಮುಂದಿದ್ದಳು. ಕ್ರಾಯ್ಡನ್ನಿನಲ್ಲಿ ಕಣ್ಣೆತ್ತಿಯೂ ನೋಡದಿದ್ದ ಪತ್ರಿಕೆಗಳು ಈಗ ಮೊದಲ ಪುಟದಲ್ಲಿಯೇ ಆಕೆಯ ಹೆಸರನ್ನು ಅಚ್ಚುಹಾಕಿದವು. ಕರಾಚಿಯಿಂದ ಅಲಹಾಬಾದಿಗೆ ಹೋಗುವುದೆಂಬುದು ಮರುದಿನದ ಎಣಿಕೆ. ಎದುರುಗಾಳಿಯಿಂದ ಪೆಟ್ರೋಲು ಸಾಲದೆಬಂದು ಝಾನ್ಸಿಯಲ್ಲಿಯೇ ಇಳಿಯಬೇಕಾಯಿತು. ಅಲ್ಲಿ ಆಕೆಗೆ ಸಿಕ್ಕಿದ ಬಯಲು ಸೈನಿಕರ ಕವಾಯತಿನ ಮೈದಾನ. ಮರಗಳ ನಡುವೆ ನುಸುಳಿ, ಸಿಪಾಯಿಗಳನ್ನು ದಿಕ್ಕುಪಾಲಾಗಿ ಓಡಿಸಿ, ಜೇಸನ್ನು ಕಡೆಗೆ ಎರಡು ಬ್ಯಾರಕ್ಕುಗಳ ನಡುವೆ ಹೋಗಿ ಸಿಕ್ಕಿಕೊಂಡಿತು. ಬಿಸಿಲಿನಲ್ಲಿ ಬೆಂದು ಕೆಂಪಾದ ಮುಖದ ಹುಡುಗಿಯೊಬ್ಬಳು ಅದರಿಂದ ಇಳಿದುಬಂದುದನ್ನು ಕಂಡ ಆ ದಂಡಿನವರ ಆಶ್ಚರ್ಯವನ್ನು ಏನೆಂದು ಹೇಳೋಣ! ಅವರ ಸಹಾಯದಿಂದ ಮುರಿದ ರೆಕ್ಕೆಯನ್ನು ಸರಿಪಡಿಸಿಕೊಂಡು ಆಕೆಯು ಮರುದಿನ ಅಲಹಾಬಾದಿನ ಮೂಲಕ ಕಲ್ಕತ್ತೆಗೆ ಹೋದಳು.

ಕಲ್ಕತ್ತೆಯಿಂದಾಚೆಗೆ ಮಳೆಗಾಲ. ಮೇ 13ರಂದು ರಂಗೂನಿನ ಸಮೀಪದಲ್ಲಿ ಸುರಿಮಳೆಯೊಳಗೆ ಕುದುರೆಪಂದ್ಯದ ಬಯಲನ್ನು ಹುಡುಕುತ್ತಿದ್ದ ಎಮಿಗೆ ಇನ್‌ಸೇನ್ ಎಂಬಲ್ಲಿನ ಆಟದ ಮೈದಾನವೊಂದು ಕಾಣಿಸಿತು. ಅಲ್ಲಿಯೇ ಇಳಿದಳು. ಬಯಲು ಚಿಕ್ಕದು, ನೆಲ ಕೆಸರು. ವಿಮಾನವು ನಿಲ್ಲದೆ ಓಡಿ ಕಾಲುವೆಯೊಂದಕ್ಕೆ ಬಿದ್ದಿತು. ಪ್ರೊಪೆಲರು ಮುರಿಯಿತು, ಚಕ್ರದ ಕಾಲುಗಳು ಬಗ್ಗಿದವು, ರೆಕ್ಕೆಯು ಹರಿಯಿತು. ಎರಡು ದಿನ ಮುಂದಿದ್ದವಳ ಲಾಭವೆಲ್ಲವೂ ಆ ಕಾಲುವೆಯಲ್ಲಿ ಹೋಯಿತು. ಆಗ ಆಕೆಯು ಕಣ್ಣೀರಿಟ್ಟರೆ ಯಾರು ತಪ್ಪೆನ್ನುವರು?

ಆದರೆ ಆ ಮೈದಾನವು ಕೈಗಾರಿಕೆಯನ್ನು ಕಲಿಸುವ ಸರ್ಕಾರಿ ವಿದ್ಯಾಲಯಕ್ಕೆ ಸೇರಿದ್ದುದು ದೈವಯೋಗವೆನ್ನಬೇಕು. ಅಲ್ಲಿನ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಕೆಲಸಕ್ಕೆ ಕೈಹಾಕಿದರು. ಮುರಿದ ಮರದ ಪಕ್ಕೆಗಳ ಅಳತೆಗೆ ಹೊಸವನ್ನು ಕೆತ್ತಿದರು; ಬಗ್ಗಿದ ಕಬ್ಬಿಣವನ್ನು ಕಾಸಿ ನೆಟ್ಟಗೆ ಮಾಡಿದರು. ರೆಕ್ಕೆಗೆ ಹೊದಿಸುವ ಬಟ್ಟೆಯು ಮಾತ್ರ ಆ ಊರಿನಲ್ಲೆಲ್ಲಿಯೂ ಇರಲಿಲ್ಲ. ಆಗ ಯಾರಿಗೋ ಒಂದು ಸಂಗತಿಯು ನೆನಪಾಯಿತು: ಮೊದಲನೆಯ ಮಹಾಯುದ್ಧವು ಮುಗಿದಾಗ ಮಿಕ್ಕುಳಿದ ವಿಮಾನದ ಬಟ್ಟೆಯನ್ನು ಅಗ್ಗವಾಗಿ ಮಾರಿದ್ದರು, ಅದರಿಂದ ಅಂಗಿಗಳನ್ನು ಹೊಲಿಸಿಕೊಂಡವರು ಅಲ್ಲಿದ್ದರು. ಆ ಅಂಗಿಗಳನ್ನು ತಂದು, ಹೊಲಿಗೆಯನ್ನು ಬಿಚ್ಚಿ, ತುಂಡುಗಳನ್ನು ರೆಕ್ಕೆಗೆ ತೇಪೆ ಹಾಕಿದರು. ಬಟ್ಟೆಯನ್ನು ಬಿಗಿಯಾಗಿಸಲು ಬಳಿಯತಕ್ಕ ಅಂಟನ್ನು ರಂಗೂನಿನ ಔಷಧದ ವ್ಯಾಪಾರಿಯು ಬೆರಸಿಕೊಟ್ಟನು. ಯಂತ್ರದ ಕೆಲಸವನ್ನು ಎಮಿಯು ತಾನೇ ನೋಡಿಕೊಂಡು, ಪಕ್ಕಕ್ಕೆ ಕಟ್ಟಿ ತಂದಿದ್ದ ಬಿಡಿ ಪ್ರೊಪೆಲರನ್ನು ಜೋಡಿಸಿದಳು. 16ನೆಯ ತಾರೀಖಿನ ಹೊತ್ತಿಗೆ ಜೇಸನ್ನು ಬರ್ಮಾದವರ ಅಂಗಿಗಳನ್ನು ತೊಟ್ಟು ಮತ್ತೆ ಮೇಲೇರಿತು. ಹೊಲಿಗೆಯ ತರಗತಿಯಲ್ಲಿ ತೇಪೆ ಹಾಕುವ ಪಾಠಕ್ಕೆ ಬೇಸರಿಸುತ್ತಿದ್ದ ನಮ್ಮ ಹಳೆಯ ಗೆಳತಿಯರು ಇದನ್ನು ಓದಿ ನಗುವರೆಂದು ನಂಬಿದ್ದೇವೆ.

ಆಮೇಲಿನ ದಾರಿಯೂ ಸುಗಮವಾಗಿರಲಿಲ್ಲ. ಬ್ಯಾಂಕಾಕ್, ಸಿಂಗೋರ, ಸಿಂಗಪುರಗಳನ್ನು ದಾಟಿ ಜಾವಾ ದ್ವೀಪದಲ್ಲಿ ಸಕ್ಕರೆಯ ತೋಟವೊಂದರ ಬಯಲಿನಲ್ಲಿ ಇಳಿದಾಗ, ನೆಲದಲ್ಲಿ ನೆಟ್ಟಿದ್ದ ಬಿದಿರಿನ ಗೂಟಗಳು ರೆಕ್ಕೆಯನ್ನು ಚುಚ್ಚಿ ಹರಿದವು. ಗಾಯಕ್ಕೆ ಹಚ್ಚುವ ಅಂಟುಪಟ್ಟಿಯಿಂದ ಅದನ್ನು ಮುಚ್ಚಿದಳು. ತಿಮೋರ್ ದ್ವೀಪದಲ್ಲಿ ಎಣಿಸಿದ ಸ್ಥಳವು ಸಿಕ್ಕದೆ ಹಳ್ಳಿಯೊಂದರ ಹತ್ತಿರ ಇಳಿಯಲಾಗಿ, ಒಂದು ದಿನವೆಲ್ಲ ಆಕೆಯ ಸುದ್ದಿಯೇ ಇಲ್ಲದೆ ಲೋಕವು ಕಳವಳಪಟ್ಟಿತು. ಕಡೆಯದಾಗಿ ಐನೂರು ಮೈಲಿಗಳ ಸಮುದ್ರ. ಅದರ ನಡುವೆ ಆಕೆಗೆ ಗುರುತಾಗಿ ನಿಂತಿದ್ದ ಎಣ್ಣೆಹಡಗೊಂದು ಕಾಣಿಸಿದಾಗ ದಾರಿಯು ತಪ್ಪಿಲ್ಲವೆಂದು ಮನಸ್ಸಿಗೆ ಸಮಾಧಾನವಾಯಿತು. ಮೇ 24ರ ಮಧ್ಯಾಹ್ನ ಆಕೆಯು ಆಸ್ಟ್ರೇಲಿಯಾದ ಡಾರ್ವಿನ್ ಪಟ್ಟಣದಲ್ಲಿ ಇಳಿದಳು. ಹಿಂಕ್ಲರನು ಹದಿನೈದೂವರೆ ದಿನಗಳಲ್ಲಿ ಮುಗಿಸಿದ ಯಾತ್ರೆಗೆ ಆಕೆಗೆ ಹತ್ತೊಂಬತ್ತೂವರೆ ದಿನ ಹಿಡಿಯಿತು. ಪಣವಾಗಿಟ್ಟುಕೊಂಡಿದ್ದ ದಾಖಲೆಯನ್ನು ಮುರಿಯಲಾರದೆ ತಾನು ಸೋತೆನೆಂದೇ ಆಕೆಯು ಎಣಿಸಿಕೊಂಡಿದ್ದಳು. ಲೋಕಕ್ಕೆ ಅದು ಸೋಲಾಗಿ ಕಾಣಲಿಲ್ಲ.

ಇಲ್ಲಿಂದ ಮುಂದಣ ಭಯವು ಬೇರೊಂದು ಬಗೆಯದು. ಐದು ದಿನಗಳ ಬಳಿಕ ಬ್ರಿಸ್ಬೇನಿನಲ್ಲಿ ಸಾವಿರಾರು ಜನರೆದುರಿಗೆ ಇಳಿಯುವಾಗ ಬಯಲನ್ನು ಮೀರಿ ಓಡಿ ಜೇಸನ್ನು ತಲೆಕೆಳಗಾಯಿತು. ಆಕೆಗೆ ಗಾಯವಾಗಲಿಲ್ಲ. ಇಂಗ್ಲೆಂಡಿಗೆ ಮರಳಿದಾಗ ದೊರೆಯು ಬಿರುದನ್ನು ಕೊಟ್ಟನು. ಡೈಲಿ ಮೇಲ್ ಪತ್ರಿಕೆಯವರು ಹತ್ತು ಸಾವಿರ ಪೌಂಡುಗಳನ್ನು ಕೊಟ್ಟು, ಊರೂರುಗಳಲ್ಲಿ ಮೆರವಣಿಗೆಗೆ ಏರ್ಪಡಿಸಿದರು. ಮರಳುಗಾಳಿಯನ್ನು ತಡೆದುಕೊಂಡವಳು ಔತಣಗಳನ್ನೂ ಭಾಷಣಗಳನ್ನೂ ತಡೆದುಕೊಳ್ಳಲಾರದೆ ಹೋದಳು. ದೇಹಮನಸ್ಸುಗಳು ಬಳಲಿ ಆ ಪ್ರವಾಸವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಯಂತ್ರವನ್ನು ಬಿಚ್ಚಿ ನೋಡಿದಂತೆ ಜನಸಂದಣಿಯನ್ನು ಬಿಚ್ಚಿ ನೋಡುವುದು ಸಾಧ್ಯವೇ? ಆ ಭಯಕ್ಕೆ ಆಕೆಯ ಬಳಿ ಮದ್ದಿರಲಿಲ್ಲ.

1931ರಲ್ಲಿ ತನ್ನ ಗುರು ಹಂಫ್ರೀಸನನ್ನು ಜೊತೆಗೆ ಕೂರಿಸಿಕೊಂಡು ಟೋಕಿಯೋಗೆ ಹಾರಿದಳು. 1932ರಲ್ಲಿ ಜಿಮ್ ಮಾಲಿಸನ್ ಎಂಬ ವಿಮಾನಿಯನ್ನು ವಿವಾಹವಾಗಿ, ಅದೇ ವರ್ಷ ಕೇಪ್‌ಟೌನಿಗೆ ಒಬ್ಬಳೇ ಹಾರಿ, ಆ ದಾರಿಯಲ್ಲಿ ಗಂಡನೇ ಸ್ಥಾಪಿಸಿದ್ದ ದಾಖಲೆಯನ್ನು ಹತ್ತು ಗಂಟೆಗಳಿಗೂ ಮಿಕ್ಕಿ ಮುರಿದಳು. ದಂಪತಿಗಳಿಬ್ಬರೂ 1933ರಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕದಲ್ಲಿ ಇಳಿಯುವಾಗ ಅಪಘಾತಕ್ಕೀಡಾದರು. ಮರುವರ್ಷ ಆಸ್ಟ್ರೇಲಿಯಾದವರೆಗಿನ ಪಂದ್ಯದಲ್ಲಿ ಅಲಹಾಬಾದಿನವರೆಗೆ ಬಂದು ನಿಂತುಬಿಟ್ಟರು. 1938ರಲ್ಲಿ ಆ ವಿವಾಹವು ಮುರಿಯಿತು. ಈ ವರ್ಷಗಳ ಗದ್ದಲದಲ್ಲಿ ನಾವು ಬೇರೊಂದು ಸಂಗತಿಗೆ ಹೆಚ್ಚಿನ ಬೆಲೆ ಕೊಡುತ್ತೇವೆ: ಇಂಜಿನಿಯರ್ ಸ್ತ್ರೀಯರ ಸಂಘಕ್ಕೆ ಆಕೆಯು ಅಧ್ಯಕ್ಷೆಯಾಗಿ ಕೆಲಸ ಮಾಡಿದಳು.

ಎರಡನೆಯ ಮಹಾಯುದ್ಧವು ಬಂದಿತು. ಕಾರ್ಖಾನೆಗಳಿಂದ ಸೈನ್ಯದ ನೆಲೆಗಳಿಗೆ ವಿಮಾನಗಳನ್ನು ಸಾಗಿಸುವ ದಳಕ್ಕೆ ಎಮಿಯು 1940ರಲ್ಲಿ ಸೇರಿದಳು. ಇಲ್ಲಿ ಮೆರವಣಿಗೆಯಿಲ್ಲ, ದಾಖಲೆಯಿಲ್ಲ. ಎಲ್ಲರಂತೆ ತಾನೂ ಒಬ್ಬಳು. 1941ನೆಯ ಇಸವಿ ಜನವರಿ 5ರಂದು ಬ್ಲ್ಯಾಕ್‌ಪೂಲಿನಿಂದ ಆಕ್ಸ್‌ಫರ್ಡಿನ ಸಮೀಪಕ್ಕೆ ಒಂದು ವಿಮಾನವನ್ನು ಒಯ್ಯಬೇಕಾಗಿತ್ತು. ಮೋಡವೂ ಚಳಿಯೂ ವಿಪರೀತವಾಗಿದ್ದವು. ಆಕೆಯು ದಾರಿ ತಪ್ಪಿ, ಬಹುದೂರ ಪೂರ್ವಕ್ಕೆ ಸರಿದು, ಥೇಮ್ಸ್ ನದಿಯು ಸಮುದ್ರವನ್ನು ಸೇರುವೆಡೆಯಲ್ಲಿ ಪ್ಯಾರಾಚೂಟಿನಿಂದ ನೀರಿಗಿಳಿದಳು. ಹತ್ತಿರವಿದ್ದ ಹೇಸಲ್ಮಿಯರ್ ಎಂಬ ಹಡಗಿನವರು ಹಗ್ಗಗಳನ್ನೆಸೆದರು. ಹಿಮದಂತೆ ತಣ್ಣಗಿದ್ದ ಆ ನೀರಿನಲ್ಲಿ ಅವು ಆಕೆಯ ಕೈಗೆ ಸಿಕ್ಕಲಿಲ್ಲ. ಹಡಗಿನ ಅಧಿಕಾರಿಯಾದ ವಾಲ್ಟರ್ ಫ್ಲೆಚರ್ ಎಂಬಾತನು, ನೀರಿನಲ್ಲಿರುವುದು ಪ್ರಸಿದ್ಧಳಾದ ಎಮಿಯೆಂಬುದನ್ನರಿಯದೆಯೇ, ಮುಳುಗುವವರನ್ನು ರಕ್ಷಿಸಲೆಂದು ಸಮುದ್ರಕ್ಕೆ ಧುಮುಕಿದನು. ಆತನೂ ಚಳಿಯಿಂದ ಪ್ರಾಣಬಿಟ್ಟನು. ಎಮಿಯ ಶರೀರವು ಸಿಕ್ಕಲೇ ಇಲ್ಲ. ಆಕೆಗೆ ಆಗ ಮೂವತ್ತೇಳು ವಯಸ್ಸು.

ಜೇಸನ್ ವಿಮಾನವನ್ನು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿಟ್ಟಿದ್ದಾರೆ. ಇನ್ನೊಂದು ವಸ್ತುವು ಹಲ್ ಪಟ್ಟಣದ ಪಾಲಿನದು. ಆಸ್ಟ್ರೇಲಿಯಾದ ಸಿಡ್ನಿ ಪಟ್ಟಣದ ಶಾಲಾಮಕ್ಕಳು ಎಮಿಗೆ ಕಾಣಿಕೆಯಾಗಿ ಚಿನ್ನದ ನಾಣ್ಯಗಳನ್ನು ಕೂಡಿಸಿಕೊಟ್ಟಿದ್ದರು. ಆ ಹಣವನ್ನು ಆಕೆಯು ತನಗೆಂದು ಬಳಸದೆ ಒಂದು ಚಿನ್ನದ ಬಟ್ಟಲನ್ನು ಮಾಡಿಸಿ ತನ್ನ ಊರಿಗೆ ಒಪ್ಪಿಸಿದಳು. ಧೈರ್ಯದ ಕಾರ್ಯವನ್ನು ಮಾಡಿದ ಹಲ್‌ನ ಬಾಲಕ ಅಥವಾ ಬಾಲಕಿಗೆ ಅದರ ಗೌರವವು ಸಲ್ಲಬೇಕೆಂದು ಆಕೆಯ ಏರ್ಪಾಡು.